ಆಣೆ, ಪಾವಲಿ, ತೂತು ಕಾಸು: ಹಳೆಯ ಲೆಕ್ಕದ ನಾಣ್ಯ ಸಂಗ್ರಹಿಸಲು ಹೊರಟವರಿಗೆ

ಭಾರತದಲ್ಲಿ ದಶಮಾಂಶ ಪದ್ಧತಿಯ ನಾಣ್ಯ ಬಂದದ್ದು 1957ರ ಏಪ್ರಿಲ್ 1ರಂದು. ರೂಪಾಯಿಗೆ ನೂರು ನಯಾ ಪೈಸೆ ಎಂಬ ಲೆಕ್ಕ ಶುರುವಾದದ್ದು ಆ ದಿನ. ಅದಕ್ಕೂ ಮುಂಚೆ ಸಂತೆಯಲ್ಲಿ, ಬಸ್ಸಿನಲ್ಲಿ, ದೇವರ ಹುಂಡಿಯಲ್ಲಿ ಓಡಾಡಿದ್ದೆಲ್ಲ ಆಣೆ ಲೆಕ್ಕದ ನಾಣ್ಯ. ಬ್ರಿಟಿಷರ ಕಾಲದವು, ಸ್ವಾತಂತ್ರ್ಯ ಬಂದ ಮೇಲಿನ ಮೊದಲ ಕೆಲವು ವರ್ಷದವು, ಎರಡೂ ಇನ್ನೂ ಬೇಕಾದಷ್ಟು ಸಿಗುತ್ತವೆ. ಬಹಳಷ್ಟು ಅಗ್ಗವಾಗಿಯೇ ಸಿಗುತ್ತವೆ. ಇವನ್ನು ಕೂಡಿಸಲು ಹೊಸದಾಗಿ ಹೊರಟವರಿಗಾಗಿ ಈ ಬರಹ.

ಮೊದಲೇ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಹೆಚ್ಚಿನವರು ವಿಕ್ಟೋರಿಯಾ ರಾಣಿಯ ಬೆಳ್ಳಿ ರೂಪಾಯಿಯಿಂದ ಶುರುಮಾಡುತ್ತಾರೆ. ಹಾಗೆ ಮಾಡಬೇಡಿ. ನಕಲಿ ಜಾಸ್ತಿ ಇರುವುದೇ ಅಲ್ಲಿ, ದುಡ್ಡು ಜಾಸ್ತಿ ಹೋಗುವುದೂ ಅಲ್ಲಿ. ತಾಮ್ರ, ಕಂಚು, ನಿಕ್ಕಲ್‌ನ ಚಿಲ್ಲರೆಯಿಂದ ಶುರುಮಾಡಿ. ಕಣ್ಣು ಪಳಗಿದ ಮೇಲೆ ಬೆಳ್ಳಿಗೆ ಕೈ ಹಾಕಿ.

ಲೆಕ್ಕ ಬಾಯಿಗೆ ಬರಲಿ

ಒಂದು ರೂಪಾಯಿಗೆ 16 ಆಣೆ. ಒಂದು ಆಣೆಗೆ 4 ಪೈಸೆ. ಒಂದು ಪೈಸೆಗೆ 3 ಪೈ. ಅಂದರೆ ರೂಪಾಯಿಗೆ 64 ಪೈಸೆ, 192 ಪೈ. ನಾಣ್ಯದ ಮೇಲೆ '1/12 ಆಣೆ' ಎಂದಿದ್ದರೆ ಅದು ಒಂದು ಪೈ. '1/4 ಆಣೆ' ಎಂದಿದ್ದರೆ ಒಂದು ಪೈಸೆ. ಕಾಲು ರೂಪಾಯಿ ಎಂದರೆ ನಾಲ್ಕಾಣೆ, ಅದೇ ಪಾವಲಿ. ಅರ್ಧ ರೂಪಾಯಿ ಎಂದರೆ ಎಂಟಾಣೆ. ದಶಮಾಂಶ ಬಂದ ಮೇಲೂ 25 ಪೈಸೆಗೆ ನಾಲ್ಕಾಣೆ, 50 ಪೈಸೆಗೆ ಎಂಟಾಣೆ ಎನ್ನುವುದು ನಿಲ್ಲಲಿಲ್ಲ, ಅಲ್ವಾ? ಆದ್ದರಿಂದ ಯಾರಾದರೂ "ಮನೆಯಲ್ಲಿ ಹಳೆಯ ಎಂಟಾಣೆ ಇದೆ" ಎಂದರೆ ಖುಷಿಪಡುವ ಮೊದಲು ಇಸವಿ ಕೇಳಿ. ಹಾಗೆ ಹೇಳಿ ತರುವ ನಾಣ್ಯ ಎಷ್ಟೋ ಸಲ 1970ರ ದಶಕದ 50 ಪೈಸೆ ಆಗಿರುತ್ತದೆ.

ಯಾವ ಕಾಲ ಎಂದು ಗೊತ್ತುಮಾಡಿಕೊಳ್ಳಿ

ಬ್ರಿಟಿಷ್ ಭಾರತದ ನಾಣ್ಯಗಳು ಒಂದೇ ರೂಪಕ್ಕೆ ಬಂದದ್ದು 1835ರ ಕಾಯ್ದೆಯ ನಂತರ. ಅದಕ್ಕೂ ಮುಂಚೆ ಈಸ್ಟ್ ಇಂಡಿಯಾ ಕಂಪನಿಯ ಬಂಗಾಳ, ಬೊಂಬಾಯಿ, ಮದ್ರಾಸ್ ಪ್ರಾಂತ್ಯಗಳು ಬೇರೆ ಬೇರೆ ನಾಣ್ಯ ಹೊಡೆಯುತ್ತಿದ್ದವು. ಅದೊಂದು ದೊಡ್ಡ ಕಾಡು. ಈಗಲೇ ಅಲ್ಲಿಗೆ ಹೋಗಬೇಡಿ.

1835ರ ನಂತರದ್ದು ಸುಲಭ. ರೂಪಾಯಿಯ ಮೇಲಿನ ಮುಖ ನೋಡಿದರೆ ಕಾಲ ತಿಳಿಯುತ್ತದೆ. 1835ರಲ್ಲಿ ನಾಲ್ಕನೇ ವಿಲಿಯಂ. 1840ರಿಂದ ವಿಕ್ಟೋರಿಯಾ. 1862ರಿಂದ ಕಂಪನಿಯ ಹೆಸರು ಹೋಗಿ ಬರೀ 'ಇಂಡಿಯಾ' ಬಂತು, ರಾಣಿಯ ತಲೆಗೆ ಕಿರೀಟ ಬಂತು. 1877ರಿಂದ 'ಕ್ವೀನ್' ಇದ್ದ ಜಾಗದಲ್ಲಿ 'ಎಂಪ್ರೆಸ್' ಎಂದಾಯಿತು. 1903ರಿಂದ 1910ರವರೆಗೆ ಏಳನೇ ಎಡ್ವರ್ಡ್. ಬೆಳ್ಳಿ ನಾಣ್ಯದಲ್ಲಿ ಇವನ ತಲೆಯ ಮೇಲೆ ಕಿರೀಟವಿಲ್ಲ, ಹಾಗಾಗಿ ಗುರುತಿಸುವುದು ಸುಲಭ. 1911ರಿಂದ 1936ರವರೆಗೆ ಗಡ್ಡದ ಐದನೇ ಜಾರ್ಜ್. 1938ರಿಂದ 1947ರವರೆಗೆ ಗಡ್ಡವಿಲ್ಲದ ಆರನೇ ಜಾರ್ಜ್. ಸ್ವಾತಂತ್ರ್ಯ ಬಂದ ಮೇಲೂ ಸ್ವಲ್ಪ ಕಾಲ ರಾಜನ ಮುಖದ ನಾಣ್ಯಗಳೇ ನಡೆದವು. 1950ರ ಆಗಸ್ಟ್ 15ರಂದು ಅಶೋಕ ಸ್ತಂಭದ ಸಿಂಹಗಳಿರುವ ಆಣೆ ನಾಣ್ಯಗಳು ಬಂದವು.

ಒಂದು ತಕರಾರು ಇಲ್ಲೇ ಹೇಳಬೇಕು. 1862 ಎಂದು ಬರೆದಿರುವ ರೂಪಾಯಿ 1862ರದ್ದೇ ಆಗಿರಬೇಕೆಂದಿಲ್ಲ. ಆ ಇಸವಿಯನ್ನು 1874ರವರೆಗೂ ಹಾಗೆಯೇ ಉಳಿಸಿಕೊಂಡು ರೂಪಾಯಿ ಹೊಡೆದರು. ಇಸವಿಯ ಹತ್ತಿರ ಇರುವ ಸಣ್ಣ ಚುಕ್ಕಿಗಳನ್ನು ಎಣಿಸಿ ಪರಿಣತರು ವರ್ಷ ಗುರುತಿಸುತ್ತಾರೆ. "1862ರ ನಾಣ್ಯ, ಅಪರೂಪ" ಎಂದು ಯಾರಾದರೂ ಮಾರಲು ಬಂದರೆ ನಂಬಬೇಡಿ. ಆ ಇಸವಿಯ ರೂಪಾಯಿಗಳು ರಾಶಿ ರಾಶಿ ಇವೆ.

ಆರನೇ ಜಾರ್ಜ್‌ನಿಂದ ಶುರುಮಾಡಿ

ಹೊಸಬರಿಗೆ ನಾನು ಹೇಳುವುದು ಇದನ್ನೇ. 1938ರಿಂದ 1947ರವರೆಗಿನ ಹತ್ತು ವರ್ಷ ತೆಗೆದುಕೊಳ್ಳಿ. ಪೈಯಿಂದ ರೂಪಾಯಿಯವರೆಗೆ ಆ ರಾಜನ ಒಂದೊಂದು ಬಗೆಯ ನಾಣ್ಯವನ್ನೂ ಒಂದೊಂದರಂತೆ ಕೂಡಿಸಿ. ಬೆಳ್ಳಿ ಬಿಟ್ಟರೆ ಇದಕ್ಕೆ ದೊಡ್ಡ ಖರ್ಚಿಲ್ಲ. ಆದರೆ ಎರಡನೇ ಮಹಾಯುದ್ಧದ ಇಡೀ ಕಥೆ ನಿಮ್ಮ ಕೈಗೆ ಬರುತ್ತದೆ.

ಹೇಗೆಂದರೆ, ಯುದ್ಧ ಶುರುವಾದಾಗ ಲೋಹಕ್ಕೆ ತತ್ವಾರ ಬಂತು. ತಾಮ್ರ ಬೇಕು, ನಿಕ್ಕಲ್ ಬೇಕು, ಎಲ್ಲವೂ ಗುಂಡು ಮದ್ದಿಗೆ ಹೋಗುತ್ತಿತ್ತು. ಜನ ಬೆಳ್ಳಿ ರೂಪಾಯಿಗಳನ್ನು ಮನೆಯಲ್ಲಿ ಬಚ್ಚಿಡತೊಡಗಿದರು. ಚಿಲ್ಲರೆ ಸಿಗುವುದು ಕಷ್ಟವಾಯಿತು. ಸರ್ಕಾರ ವರ್ಷದಿಂದ ವರ್ಷಕ್ಕೆ ನಾಣ್ಯದ ಲೋಹ ಬದಲಾಯಿಸುತ್ತಾ ಹೋಯಿತು. ನಿಮ್ಮ ಸೆಟ್ಟಿನಲ್ಲಿ ಆ ಬದಲಾವಣೆ ಒಂದೊಂದಾಗಿ ಕಾಣಬೇಕು.

ಕಾಲಾಣೆಯಿಂದ ಶುರುಮಾಡಿ. 1942ರವರೆಗೆ ಅದು ರಾಜನ ಮುಖವಿರುವ ಪೂರ್ತಿ ಕಂಚಿನ ಬಿಲ್ಲೆ. 1943ರಲ್ಲಿ ತಾಮ್ರ ಉಳಿಸಲು ನಡುವೆ ದೊಡ್ಡ ತೂತು ಇಟ್ಟು ಹೊಸ ಪೈಸೆ ತಂದರು. ಇದೇ ತೂತು ಕಾಸು. ನಡುವೆ ಜಾಗವಿಲ್ಲದ್ದರಿಂದ ರಾಜನ ಮುಖವೇ ಹೋಯಿತು, ಸಣ್ಣದೊಂದು ಕಿರೀಟ ಮಾತ್ರ ಉಳಿಯಿತು. ತೂಕ ಎರಡು ಗ್ರಾಂ ಆಸುಪಾಸು. 1947ರವರೆಗೂ ಹೊಡೆದರು. ಒಳ್ಳೆಯ ಸ್ಥಿತಿಯ ತೂತು ಕಾಸು ಇವತ್ತಿಗೂ ಒಂದು ಊಟದ ಖರ್ಚಿಗಿಂತ ಕಡಿಮೆಗೆ ಸಿಗುತ್ತದೆ. ಕಿರೀಟದ ಆಕಾರದಲ್ಲಿ ಸಣ್ಣ ವ್ಯತ್ಯಾಸಗಳಿರುವುದರಿಂದ ಬರೀ ಇದೊಂದನ್ನೇ ಹಿಡಿದು ಕೂಡಿಸುವವರೂ ಇದ್ದಾರೆ.

ಆಮೇಲೆ ಅರ್ಧಾಣೆ, ಒಂದಾಣೆ, ಎರಡಾಣೆ. ಇವನ್ನು ಕಣ್ಣು ಮುಚ್ಚಿಯೂ ಗುರುತಿಸಬಹುದು. ಒಂದಾಣೆಯ ಅಂಚು ಅಲೆಅಲೆಯಾಗಿದೆ. ಎರಡಾಣೆ ಚೌಕ, ಮೂಲೆಗಳು ದುಂಡಗೆ. ಅರ್ಧಾಣೆಯೂ ಹಾಗೆಯೇ ಚೌಕ, ಆದರೆ ಚಿಕ್ಕದು. ಯುದ್ಧಕ್ಕೆ ಮುಂಚೆ ಒಂದಾಣೆ, ಎರಡಾಣೆ ಬಿಳಿ ಬಣ್ಣದ ತಾಮ್ರ-ನಿಕ್ಕಲ್ ಮಿಶ್ರಣದಲ್ಲಿದ್ದವು. 1942ರಿಂದ 1945ರವರೆಗೆ ಅವು ಹಳದಿ ಹಿತ್ತಾಳೆಯವಾದವು. ಅರ್ಧಾಣೆ ಹುಟ್ಟಿದ್ದೇ ಈ ಹಳದಿ ರೂಪದಲ್ಲಿ. ಯುದ್ಧ ಮುಗಿದ ಮೇಲೆ ಮೂರೂ ಬಿಳಿಯಾದವು. ಒಂದಾಣೆಯನ್ನು ಬಿಳಿ, ಹಳದಿ, ಮತ್ತೆ ಬಿಳಿ ಎಂದು ಮೂರು ಸಾಲಾಗಿ ಇಟ್ಟು ನೋಡಿ. ಯಾವ ಪಾಠವೂ ಇಷ್ಟು ಚೆನ್ನಾಗಿ ಆ ಕಾಲ ತೋರಿಸುವುದಿಲ್ಲ.

ಒಂದಾಣೆಯ ಹಿಂಬದಿಯನ್ನು ಸುಮ್ನೆ ತಿರುಗಿಸಿ ಬಿಡಬೇಡಿ, ಓದಿ. ಇಂಗ್ಲಿಷ್ ಅಲ್ಲದೆ ನಾಗರಿ, ಉರ್ದು, ಬಂಗಾಳಿ, ತೆಲುಗು ಲಿಪಿಗಳಲ್ಲೂ ಬೆಲೆ ಬರೆದಿದೆ. ತೆಲುಗು ಅಕ್ಷರ ಕನ್ನಡ ಓದುವವರಿಗೆ ಕಷ್ಟವೇನಿಲ್ಲ. ಎಡ್ವರ್ಡ್, ಐದನೇ ಜಾರ್ಜ್ ಕಾಲದ ಒಂದಾಣೆಯಲ್ಲೂ ಇದೇ ಕ್ರಮ.

ಇನ್ನು ಕಾಲು, ಅರ್ಧ, ಒಂದು ರೂಪಾಯಿ. 1939ರವರೆಗಿನ ರೂಪಾಯಿಯಲ್ಲಿ ಬೆಳ್ಳಿ 91.7%. 1940ರಿಂದ 1945ರವರೆಗಿನದರಲ್ಲಿ ಬೆಳ್ಳಿ ಅರ್ಧ ಮಾತ್ರ. ಉಳಿದದ್ದು ತಾಮ್ರ, ನಿಕ್ಕಲ್, ಸತು. ನಕಲಿ ಮಾಡುವವರಿಗೆ ಕಷ್ಟವಾಗಲೆಂದು ಈ ರೂಪಾಯಿಯ ಅಂಚಿನ ಗೆರೆಗಳ ನಡುವೆ ಸುತ್ತಲೂ ಒಂದು ಸಣ್ಣ ತೋಡನ್ನೂ ಕೊರೆದರು. ಕೊನೆಗೆ ಬೆಳ್ಳಿಯೇ ಹೋಯಿತು. 1946 ಮತ್ತು 47ರಲ್ಲಿ ಕಾಲು, ಅರ್ಧ ರೂಪಾಯಿಗಳು, 1947ರಲ್ಲಿ ಒಂದು ರೂಪಾಯಿ ನಿಕ್ಕಲ್‌ನಲ್ಲಿ ಬಂದವು. ಹಿಂಬದಿಯಲ್ಲಿ ನಡೆದು ಹೋಗುವ ಹುಲಿಯಿದೆ. ನನ್ನ ಮಟ್ಟಿಗೆ ಇಡೀ ಬ್ರಿಟಿಷ್ ಭಾರತದ ಚೆಲುವಾದ ನಾಣ್ಯ ಈ ಹುಲಿ ರೂಪಾಯಿ. ಶುದ್ಧ ನಿಕ್ಕಲ್ ಆದ್ದರಿಂದ ಅಯಸ್ಕಾಂತಕ್ಕೆ ಅಂಟಿಕೊಳ್ಳುತ್ತದೆ. ಅಂಟಿದರೆ ನಕಲಿ ಎಂದು ಯಾರೋ ಹೇಳಿದ್ದನ್ನು ನಂಬಿ ಇದನ್ನು ಬಿಟ್ಟು ಬರಬೇಡಿ.

ಸೆಟ್ಟಿನ ಕೊನೆಗೆ 1950ರ ಗಣರಾಜ್ಯದ ಆಣೆಗಳನ್ನು ಸೇರಿಸಿ. ಪೈಸೆಯ ಮೇಲೆ ಓಡುವ ಕುದುರೆ. ಅರ್ಧಾಣೆ, ಒಂದಾಣೆ, ಎರಡಾಣೆಗಳ ಮೇಲೆ ಬಸವ. ಕಾಲು ರೂಪಾಯಿಯಿಂದ ಮೇಲೆ ಗೋಧಿ ತೆನೆ. ಆಕಾರಗಳು ಹಳೆಯವೇ, ಅಲೆಅಂಚು, ಚೌಕ, ಗುಂಡು. ರಾಜನ ಜಾಗದಲ್ಲಿ ಮಾತ್ರ ಸಿಂಹಗಳು. 1947ರ ಒಂದಾಣೆಯ ಪಕ್ಕದಲ್ಲಿ 1950ರ ಒಂದಾಣೆ ಇಟ್ಟರೆ ಸಾಕು, ಆ ಮೂರು ವರ್ಷಗಳಲ್ಲಿ ಏನಾಯಿತೆಂದು ಮಕ್ಕಳಿಗೂ ತಿಳಿಯುತ್ತದೆ.

ಎಲ್ಲಿ ಹೊಡೆದದ್ದು ಎಂದು ನೋಡಿ

ಒಂದೇ ಇಸವಿಯ ಎರಡು ನಾಣ್ಯಕ್ಕೆ ಬೆಲೆಯಲ್ಲಿ ದೊಡ್ಡ ವ್ಯತ್ಯಾಸ ಇರಬಹುದು. ಟಂಕಸಾಲೆ ಬೇರೆಯಾಗಿರುವುದು ಅದಕ್ಕೆ ಕಾರಣ. ಭೂತಗನ್ನಡಿ ಬೇಕಾಗುವುದು ಇಲ್ಲಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವುದು ಸಾಕು.

ಸಾಮಾನ್ಯವಾಗಿ ಕಲ್ಕತ್ತಾ ಟಂಕಸಾಲೆಯ ನಾಣ್ಯಕ್ಕೆ ಗುರುತೇ ಇರುವುದಿಲ್ಲ. ಬೊಂಬಾಯಿಯದಕ್ಕೆ ಸಣ್ಣ ಚುಕ್ಕಿ ಅಥವಾ ವಜ್ರದಾಕಾರದ ಗುರುತು ಇರುತ್ತದೆ. ಕೆಲವು ಹಳೆಯವುಗಳಲ್ಲಿ 'ಬಿ' ಅಕ್ಷರ. ಐದನೇ ಜಾರ್ಜ್‌ನ ರೂಪಾಯಿಯಲ್ಲಾದರೆ ಹಿಂಬದಿಯ ಕೆಳಗಿನ ತಾವರೆಯ ಹತ್ತಿರ ಚುಕ್ಕಿ ಹುಡುಕಿ. ಯುದ್ಧಕಾಲದಲ್ಲಿ ಎರಡು ಟಂಕಸಾಲೆ ಸಾಲದೆ 1943ರಲ್ಲಿ ಲಾಹೋರಿನಲ್ಲಿ ಮೂರನೆಯದು ತೆರೆದರು. ಅದರ ಗುರುತು 'ಎಲ್' ಅಕ್ಷರ. ದೇಶ ಒಡೆದಾಗ ಆ ಟಂಕಸಾಲೆ ಪಾಕಿಸ್ತಾನಕ್ಕೆ ಹೋಯಿತು. ಅವಿಭಜಿತ ಭಾರತಕ್ಕಾಗಿ ಅದು ಕೆಲಸ ಮಾಡಿದ್ದು ಕೆಲವೇ ವರ್ಷ. 'ಎಲ್' ಇರುವ ಒಂದು ನಾಣ್ಯವಾದರೂ ನಿಮ್ಮ ಸಂಗ್ರಹದಲ್ಲಿ ಇರಲಿ.

ನಾಣ್ಯದ ಸ್ಥಿತಿ ಅಳೆಯುವುದನ್ನೂ ಈ ಹಂತದಲ್ಲೇ ಕಲಿಯಿರಿ. ವ್ಯಾಪಾರಿಗಳು ಫೈನ್, ವೆರಿ ಫೈನ್, ಎಕ್ಸ್‌ಟ್ರಾ ಫೈನ್, ಅನ್‌ಸರ್ಕ್ಯುಲೇಟೆಡ್ ಎನ್ನುತ್ತಾರೆ. ಅವರ ಮಾತಿಗಿಂತ ಸವೆತ ನೋಡಿ. ಎತ್ತರದ ಜಾಗ ಮೊದಲು ಸವೆಯುತ್ತದೆ. ವಿಕ್ಟೋರಿಯಾಳ ಕಿವಿಯ ಮೇಲಿನ ಕೂದಲು, ಎಡ್ವರ್ಡ್‌ನ ಕಿವಿ, ಐದನೇ ಜಾರ್ಜ್‌ನ ಕಿರೀಟ ಮತ್ತು ನಿಲುವಂಗಿಯ ಮೇಲಿನ ಆನೆ. ಆ ಆನೆಯ ಕಾಲು, ಸೊಂಡಿಲು ಬೇರೆ ಬೇರೆಯಾಗಿ ಕಂಡರೆ ಒಳ್ಳೆಯ ನಾಣ್ಯ.

ಆ ಆನೆಗೆ ಒಂದು ಕಥೆಯೂ ಇದೆ. 1911ರ ರೂಪಾಯಿಯಲ್ಲಿ ಅದರ ಸೊಂಡಿಲು ಗಿಡ್ಡವಾಗಿ, ನೋಡಿದವರಿಗೆ ಹಂದಿಯಂತೆ ಕಂಡಿತು. ಮುಸ್ಲಿಮರಿಂದ ಜೋರಾಗಿ ವಿರೋಧ ಬಂತು. ಸರ್ಕಾರ ಆ ನಾಣ್ಯಗಳನ್ನು ಹಿಂತೆಗೆದುಕೊಂಡು ಬಹುಪಾಲು ಕರಗಿಸಿತು, 1912ರಲ್ಲಿ ಆನೆಯನ್ನು ತಿದ್ದಿತು. 1911ರ ರೂಪಾಯಿಗೆ ಬೇಡಿಕೆ ಇರುವುದು ಇದರಿಂದ.

ಎಲ್ಲಿ ಸಿಗುತ್ತವೆ

ಮೊದಲು ಮನೆ. ಅಜ್ಜ ಅಜ್ಜಿಯ ಟ್ರಂಕು, ದೇವರ ಕೋಣೆಯ ಬಟ್ಟಲು, ಹಳೆಯ ಹೊಲಿಗೆ ಡಬ್ಬಿ, ಉಗ್ರಾಣದ ಗಡಿಗೆ. ಕೇಳಿ ತೆಗೆಯಿರಿ, ಕದ್ದು ತೆಗೆಯಬೇಡಿ. ಯಾರು ಕೊಟ್ಟರು, ಅವರಿಗೆ ಹೇಗೆ ಬಂತು ಎಂದು ಅವತ್ತೇ ಬರೆದಿಡಿ.

ನಂತರ ನಾಣ್ಯ ಮೇಳಗಳು. ಬೆಂಗಳೂರಿನಲ್ಲಿ ಆಗಾಗ ನಡೆಯುತ್ತವೆ. ಹತ್ತಾರು ವ್ಯಾಪಾರಿಗಳು ಒಂದೇ ಕಡೆ ಕೂತಿರುವುದರಿಂದ ಒಂದೇ ನಾಣ್ಯದ ಬೆಲೆಯನ್ನು ಹಲವು ಕಡೆ ಕೇಳಿ ನೋಡಬಹುದು. ಮೊದಲ ಸಲ ಹೋದಾಗ ಏನೂ ಕೊಳ್ಳದೆ ಬಂದರೂ ನಷ್ಟವಿಲ್ಲ. ಅವೆನ್ಯೂ ರಸ್ತೆಯ ಸುತ್ತಿನ ಭಾನುವಾರದ ಸಂಡೇ ಬಜಾರ್‌ನಲ್ಲೂ ಹಳೆಯ ಚಿಲ್ಲರೆ ರಾಶಿ ಹಾಕಿಕೊಂಡು ಕೂರುವವರಿರುತ್ತಾರೆ. ಅಲ್ಲಿ ಅಗ್ಗದ ತಾಮ್ರ, ಹಿತ್ತಾಳೆ ಮಾತ್ರ ಕೊಳ್ಳಿ. ಬೆಳ್ಳಿ ಬೇಡ.

ಬೆಳ್ಳಿ ಬಂಗಾರದ ಅಂಗಡಿಗಳಲ್ಲಿ ಹಳೆಯ ರೂಪಾಯಿಗಳು ತೂಕದ ಲೆಕ್ಕದಲ್ಲಿ ಸಿಗುವುದುಂಟು. ಬೆಲೆ ಕಟ್ಟುವುದು ಕಷ್ಟವಲ್ಲ. 11.66 ಗ್ರಾಂ ತೂಕದ 91.7% ಬೆಳ್ಳಿಯ ರೂಪಾಯಿಯಲ್ಲಿ ಸುಮಾರು 10.69 ಗ್ರಾಂ ಶುದ್ಧ ಬೆಳ್ಳಿ ಇರುತ್ತದೆ. 1940-45ರ ರೂಪಾಯಿಯಲ್ಲಿ 5.83 ಗ್ರಾಂ. ಆ ದಿನದ ಬೆಳ್ಳಿ ದರದಿಂದ ಗುಣಿಸಿ. ಸಾಮಾನ್ಯ ಇಸವಿಯ, ಸವೆದ ರೂಪಾಯಿಗೆ ಅದಕ್ಕಿಂತ ಬಹಳ ಮೇಲೆ ಕೊಡಬೇಕಿಲ್ಲ. ದೀಪಾವಳಿಯ ಲಕ್ಷ್ಮೀಪೂಜೆಯ ಹೊತ್ತಿಗೆ ರಾಣಿ ರೂಪಾಯಿಗೆ ಬೇಡಿಕೆ ಏರುತ್ತದೆ, ಹೊಸದಾಗಿ ಹೊಡೆದ ನಕಲುಗಳೂ ಪೇಟೆಗೆ ಬರುತ್ತವೆ. ಸಂಗ್ರಹಕ್ಕಾದರೆ ಆ ವಾರ ಬಿಟ್ಟು ಹೋಗಿ.

ಕೊಂಡಿ ಬೆಸೆದ, ತೂತು ಕೊರೆದ ರೂಪಾಯಿಗಳೂ ತುಂಬ ಸಿಗುತ್ತವೆ. ನಮ್ಮ ಕಡೆ ಬೆಳ್ಳಿ ರೂಪಾಯಿಯನ್ನು ಸರಕ್ಕೆ ಪೋಣಿಸುತ್ತಿದ್ದರು. ಲಂಬಾಣಿ ಹೆಂಗಸರ ಉಡುಪು, ಒಡವೆಗಳಲ್ಲಿ ಇಂಥ ನಾಣ್ಯಗಳನ್ನು ಇವತ್ತಿಗೂ ನೋಡಬಹುದು. ಪೇಟೆಯಲ್ಲಿ ಇವುಗಳಿಗೆ ಬೆಳ್ಳಿಯ ಬೆಲೆಯಷ್ಟೇ. ಆದರೆ ನಿಮ್ಮ ಮನೆಯ ಸರದಲ್ಲೇ ಇದ್ದರೆ ದಯವಿಟ್ಟು ಬಿಚ್ಚಬೇಡಿ, ಬೆಸುಗೆ ತೆಗೆಸಬೇಡಿ. ಬಿಚ್ಚಿದರೆ ಸರವೂ ಹಾಳು, ನಾಣ್ಯವೂ ಹಾಳು.

ಕೊಳ್ಳುವ ಮುಂಚೆ ನೋಡಿ ಬರಲು ಜಾಗಗಳಿವೆ. ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್ ಸ್ಥಾಪಕ ಹಾಜಿ ಅಬ್ದುಲ್ಲಾ ಸಾಹೇಬರ ಹಳೆಯ ಮನೆಯಲ್ಲಿ ನಾಣ್ಯ ಸಂಗ್ರಹಾಲಯವಿದೆ. ಮುಂಬೈಗೆ ಹೋದರೆ ಕೋಟೆ ಪ್ರದೇಶದಲ್ಲಿ ರಿಸರ್ವ್ ಬ್ಯಾಂಕಿನ ಹಣ ಸಂಗ್ರಹಾಲಯ ತಪ್ಪಿಸಬೇಡಿ. ಗಲ್ಫ್‌ನಲ್ಲಿರುವ ಕನ್ನಡಿಗರಿಗೆ ಒಂದು ಮಾತು. ಭಾರತದ ರೂಪಾಯಿ ಅಲ್ಲಿ 1960ರ ದಶಕದವರೆಗೂ ನಡೆಯುತ್ತಿತ್ತು. ಅಲ್ಲಿನ ಹಳೆಯ ಪೇಟೆಗಳಲ್ಲಿ ನಮ್ಮ ಆಣೆ ಕಂಡರೆ ಆಶ್ಚರ್ಯಪಡಬೇಕಿಲ್ಲ.

ನಕಲಿ ಹಿಡಿಯುವ ಕ್ರಮ

ಮೂರು ಸಾಮಾನು ಬೇಕು. 0.01 ಗ್ರಾಂವರೆಗೆ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ, ಒಂದು ಅಯಸ್ಕಾಂತ, ಒಂದು ಭೂತಗನ್ನಡಿ.

ಮೊದಲು ತೂಕ. ಬೆಳ್ಳಿ ರೂಪಾಯಿ 11.66 ಗ್ರಾಂ, ಅರ್ಧ 5.83, ಕಾಲು 2.92, ಬೆಳ್ಳಿಯ ಎರಡಾಣೆ 1.46. ಸವೆದಿದ್ದರೆ ಸ್ವಲ್ಪ ಕಡಿಮೆ ಬರಬಹುದು. ಜಾಸ್ತಿ ಬಂದರೆ ಅನುಮಾನಿಸಿ. ಮೇಲೆ ಹೇಳಿದ ನಿಕ್ಕಲ್ ನಾಣ್ಯಗಳನ್ನು ಬಿಟ್ಟರೆ ಬೆಳ್ಳಿ, ತಾಮ್ರ ಯಾವುದೂ ಅಯಸ್ಕಾಂತಕ್ಕೆ ಅಂಟಬಾರದು.

ಆಮೇಲೆ ನೀರಿನ ಪರೀಕ್ಷೆ. ಇದನ್ನು ಎಲ್ಲರೂ ಕಲಿಯಬೇಕು ಎಂದು ನನ್ನ ಆಸೆ, ಯಾಕೆಂದರೆ ನಾಣ್ಯಕ್ಕೆ ಒಂದು ಗೀರೂ ಬೀಳದೆ ಒಳಗಿನ ಲೋಹ ತಿಳಿಯುತ್ತದೆ. ತಕ್ಕಡಿಯ ಮೇಲೆ ನೀರು ತುಂಬಿದ ಸಣ್ಣ ಲೋಟ ಇಡಿ. ತಕ್ಕಡಿಯನ್ನು ಸೊನ್ನೆಗೆ ತನ್ನಿ. ನಾಣ್ಯವನ್ನು ತೆಳು ದಾರದಲ್ಲಿ ಕಟ್ಟಿ ನೀರಿನಲ್ಲಿ ಪೂರ್ತಿ ಮುಳುಗಿಸಿ ಹಿಡಿಯಿರಿ. ತಳಕ್ಕೂ ಬದಿಗೂ ತಾಗಬಾರದು, ಗಾಳಿಗುಳ್ಳೆ ಅಂಟಿರಬಾರದು. ಈಗ ಬರುವ ಅಂಕಿಯಿಂದ ನಾಣ್ಯದ ತೂಕವನ್ನು ಭಾಗಿಸಿ. 91.7% ಬೆಳ್ಳಿಯ ರೂಪಾಯಿಗೆ ತಕ್ಕಡಿ ಸುಮಾರು 1.13 ತೋರಿಸಬೇಕು, ಭಾಗಿಸಿದಾಗ 10.3ರ ಆಸುಪಾಸು ಬರಬೇಕು. 1.3ರ ಹತ್ತಿರ ಅಥವಾ ಮೇಲೆ ತೋರಿಸಿದರೆ ಅದು ತಾಮ್ರ-ನಿಕ್ಕಲ್ ಅಥವಾ ಜರ್ಮನ್ ಸಿಲ್ವರ್. ಹೆಸರಿನಲ್ಲಿ ಸಿಲ್ವರ್ ಇದ್ದರೂ ಜರ್ಮನ್ ಸಿಲ್ವರ್‌ನಲ್ಲಿ ಬೆಳ್ಳಿ ಒಂದು ಚೂರೂ ಇಲ್ಲ. ಪರೀಕ್ಷೆ ಆದ ಮೇಲೆ ಮೆತ್ತನೆಯ ಬಟ್ಟೆಯಲ್ಲಿ ಒತ್ತಿ ನೀರು ತೆಗೆಯಿರಿ, ಉಜ್ಜಬೇಡಿ.

ಲೋಹ ಸರಿ ಇದ್ದರೂ ಮೋಸ ಇರಬಹುದು. 1939ರ ರೂಪಾಯಿ ಇದಕ್ಕೆ ದೊಡ್ಡ ಉದಾಹರಣೆ. ಅದು ನಿಜಕ್ಕೂ ಅಪರೂಪ. ಆದ್ದರಿಂದಲೇ 1938ರ ಅಸಲಿ ರೂಪಾಯಿಯಲ್ಲಿ ಕೊನೆಯ ಅಂಕಿ ತಿದ್ದಿ 1939 ಮಾಡಿ ಮಾರುತ್ತಾರೆ. ತೂಕ ಸರಿ, ಬೆಳ್ಳಿ ಸರಿ, ಇಸವಿ ಮಾತ್ರ ಸುಳ್ಳು. ಇಂಥ ನಾಣ್ಯವನ್ನು ಎನ್‌ಜಿಸಿ, ಪಿಸಿಜಿಎಸ್‌ನಂಥ ಸಂಸ್ಥೆಗಳು ಪರೀಕ್ಷಿಸಿ ಮುಚ್ಚಿದ ಪೆಟ್ಟಿಗೆಯಲ್ಲಿ ಅಲ್ಲದೆ ಕೊಳ್ಳಲೇಬೇಡಿ. ಕೊಂಡರೂ ಪೆಟ್ಟಿಗೆಯ ಮೇಲಿನ ಸಂಖ್ಯೆಯನ್ನು ಆ ಸಂಸ್ಥೆಯ ಜಾಲತಾಣದಲ್ಲಿ ಹಾಕಿ ನೋಡಿ.

ಇನ್ನೊಂದು ಬಗೆ ಹಳ್ಳಿ ಜಾತ್ರೆಯಿಂದ ಹಿಡಿದು ಮೊಬೈಲ್‌ವರೆಗೆ ಎಲ್ಲೆಲ್ಲೂ ಇದೆ. ಒಂದು ಕಡೆ ರಾಮ, ಸೀತೆ, ಲಕ್ಷ್ಮಣ, ಹನುಮಂತ. ಇನ್ನೊಂದು ಕಡೆ 'ಈಸ್ಟ್ ಇಂಡಿಯಾ ಕಂಪನಿ, ಅರ್ಧಾಣೆ, 1818' ಎಂಬ ಬರಹ. 1616, 1717, 1839 ಎಂಬ ಇಸವಿಗಳೂ ಇರುತ್ತವೆ. ಕೆಲವದರಲ್ಲಿ ಓಂ, ಕೆಲವದರಲ್ಲಿ ತಾವರೆ. ಕಂಪನಿ ಇಂಥ ನಾಣ್ಯವನ್ನು ಯಾವತ್ತೂ ಹೊಡೆದಿಲ್ಲ. ಇವು ಪೂಜೆಗೆಂದೋ ಮಾರಾಟಕ್ಕೆಂದೋ ಆಮೇಲೆ ಮಾಡಿದ ಬಿಲ್ಲೆಗಳು. ಭಕ್ತಿಯಿಂದ ದೇವರ ಮುಂದೆ ಇಟ್ಟುಕೊಳ್ಳುವುದಾದರೆ ಇಟ್ಟುಕೊಳ್ಳಿ. ಅಕ್ಕಿಯನ್ನು ಎಳೆಯುತ್ತದೆ, ಲಕ್ಷಗಟ್ಟಲೆ ಬೆಲೆ ಬರುತ್ತದೆ ಎಂಬ ಮಾತಿಗೆ ಮಾತ್ರ ಒಂದು ಪೈಯನ್ನೂ ಕೊಡಬೇಡಿ. ಈ ಮಾತು ಕೇಳಿ ಹೊಲ ಮನೆ ಕಳೆದುಕೊಳ್ಳುವಷ್ಟು ದುಡ್ಡು ಸುರಿಯುವವರಿದ್ದಾರೆ ಎಂಬುದು ನನಗೆ ನೋವಿನ ಸಂಗತಿ.

ತೊಳೆಯಬೇಡಿ

ನಮ್ಮ ಮನೆಗಳಲ್ಲಿ ತಾಮ್ರ ಕಂಡರೆ ಹುಣಸೆಹಣ್ಣು, ಬೆಳ್ಳಿ ಕಂಡರೆ ವಿಭೂತಿ ಅಥವಾ ಹಲ್ಲುಪುಡಿ ಕೈಗೆ ಬರುತ್ತದೆ. ಪೂಜೆ ಪಾತ್ರೆಗೆ ಅದು ಸರಿ. ನಾಣ್ಯಕ್ಕೆ ಬೇಡವೇ ಬೇಡ. ಹುಣಸೆಯ ಹುಳಿ ಲೋಹದ ಮೇಲ್ಪದರವನ್ನೇ ತಿನ್ನುತ್ತದೆ. ಪುಡಿಯಿಂದ ಉಜ್ಜಿದರೆ ಕೂದಲೆಳೆಯಂಥ ಗೀರುಗಳು ಬೀಳುತ್ತವೆ. ಎಪ್ಪತ್ತು ಎಂಬತ್ತು ವರ್ಷದಿಂದ ಕೂತ ಕಂದು ಬಣ್ಣ ಹೋಗಿ ನಾಣ್ಯ ಕೆಂಪಗೆ ಹೊಳೆಯುತ್ತದೆ, ಬೆಲೆ ಅರ್ಧಕ್ಕೂ ಕೆಳಗೆ ಇಳಿಯುತ್ತದೆ. ಆ ಬಣ್ಣ ಮತ್ತೆ ಬರುವುದಿಲ್ಲ.

ಮಣ್ಣು ಮೆತ್ತಿದ್ದರೆ ಡಿಸ್ಟಿಲ್ಡ್ ವಾಟರ್‌ನಲ್ಲಿ ಒಂದೆರಡು ದಿನ ನೆನೆಹಾಕಿ, ನೀರು ಬದಲಿಸುತ್ತಾ ಇರಿ. ಅಂಟು, ಎಣ್ಣೆ, ಪ್ಲಾಸ್ಟಿಕ್ ಜಿಡ್ಡು ಇದ್ದರೆ ಶುದ್ಧ ಅಸಿಟೋನ್‌ನಲ್ಲಿ ಅದ್ದಿ ತೆಗೆಯಬಹುದು. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಇರಬಾರದು. ಉಗುರಿನ ಬಣ್ಣ ತೆಗೆಯುವ ದ್ರವ ಬೇಡ, ಅದರಲ್ಲಿ ಬೇರೆ ಏನೇನೋ ಸೇರಿರುತ್ತದೆ. ಇಷ್ಟಕ್ಕೂ ಹೋಗದ್ದನ್ನು ಹಾಗೆಯೇ ಬಿಡಿ.

ತಾಮ್ರ, ಕಂಚಿನ ಮೇಲೆ ಕಿಲುಬು ಹತ್ತುವುದು ಬೇರೆ ಸಮಸ್ಯೆ. ಪುಡಿಪುಡಿಯಾದ ತಿಳಿ ಹಸಿರು ಕಂಡರೆ ಆ ನಾಣ್ಯವನ್ನು ಕೂಡಲೇ ಬೇರೆ ಇಡಿ. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಹೆಚ್ಚು ಎಚ್ಚರವಾಗಿರಬೇಕು. ಗಾಳಿಯಾಡದ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್ ಪೊಟ್ಟಣ, ಬಣ್ಣ ಬದಲಾದಾಗ ಹೊಸದು. ಇದಿಷ್ಟು ಮಾಡಿದರೆ ಸಾಕು.

ಇಡಲು ರಟ್ಟಿನ ಚೌಕಗಳು ಅಗ್ಗ, ಒಳ್ಳೆಯವೂ ಹೌದು. ನಡುವೆ ಪಾರದರ್ಶಕ ಹಾಳೆ ಇರುತ್ತದೆ, ನಾಣ್ಯ ಇಟ್ಟು ಮಡಚಿ ಸ್ಟೇಪಲ್ ಮಾಡಬೇಕು. ಸ್ಟೇಪಲ್ ಪಿನ್ನನ್ನು ಇಕ್ಕಳದಿಂದ ಚಪ್ಪಟೆ ಮಾಡಿ, ಇಲ್ಲದಿದ್ದರೆ ಪಕ್ಕದ ನಾಣ್ಯಕ್ಕೆ ಗೀರು. ಮೆತ್ತಗೆ, ಘಾಟು ವಾಸನೆ ಬರುವ ಪಿವಿಸಿ ಹಾಳೆಯ ಆಲ್ಬಂ ಕೊಳ್ಳಬೇಡಿ. ಕೆಲವು ವರ್ಷದಲ್ಲಿ ಅದು ಹಸಿರು ಜಿಡ್ಡು ಬಿಡುತ್ತದೆ. ರಬ್ಬರ್ ಬ್ಯಾಂಡ್ ಹಾಕಿದರೆ ಅದರ ಗಂಧಕದಿಂದ ಬೆಳ್ಳಿ ಕಪ್ಪಾಗುತ್ತದೆ. ನಾಣ್ಯವನ್ನು ಯಾವಾಗಲೂ ಅಂಚು ಹಿಡಿದು ಎತ್ತಿ, ಕೆಳಗೆ ಒಂದು ಮೆತ್ತನೆಯ ಬಟ್ಟೆ ಹಾಸಿರಲಿ.

ಕಾನೂನು ಮತ್ತು ಕರೆಗಳು

ನೂರು ವರ್ಷ ದಾಟಿದ ನಾಣ್ಯ 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ಪುರಾತನ ವಸ್ತು. ಮನೆಯಲ್ಲಿ ಇಟ್ಟುಕೊಳ್ಳಬಹುದು. ಆದರೆ ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ. ಅಮೆರಿಕದಿಂದಲೋ ಲಂಡನ್ನಿನಿಂದಲೋ ರಜೆಗೆ ಬಂದವರು ಅಜ್ಜಿ ಕೊಟ್ಟ ರಾಣಿ ರೂಪಾಯಿಯನ್ನು ಬ್ಯಾಗಿಗೆ ಹಾಕಿಕೊಳ್ಳುವ ಮುಂಚೆ ಇದನ್ನು ನೆನಪಿಡಿ. ಇಂಥ ನಾಣ್ಯಗಳ ವ್ಯಾಪಾರ ಮಾಡಲು ಪರವಾನಗಿ ಬೇಕು.

ಪಾಯ ತೋಡುವಾಗ, ಉಳುವಾಗ ನಾಣ್ಯದ ಗಡಿಗೆ ಸಿಕ್ಕಿದರೆ ಅದು ನಿಧಿ. ಜಿಲ್ಲಾಡಳಿತಕ್ಕೆ ತಿಳಿಸಲೇಬೇಕು. ಮುಚ್ಚಿಟ್ಟರೆ ಶಿಕ್ಷೆಯಿದೆ. ಇನ್ನೊಂದು ನಷ್ಟವೂ ಇದೆ. ಯಾವ ಗಡಿಗೆಯಲ್ಲಿ, ಎಷ್ಟು ಆಳದಲ್ಲಿ, ಯಾವ ನಾಣ್ಯಗಳ ಜೊತೆ ಎಂಬುದು ತಿಳಿಯದೆ ಹೋದರೆ ಆ ಊರಿನ ಚರಿತ್ರೆಯ ಒಂದು ಹಾಳೆಯೇ ಹರಿದಂತೆ.

"ನಿಮ್ಮ ಹಳೆಯ ನಾಣ್ಯಕ್ಕೆ ಹತ್ತು ಲಕ್ಷ ಕೊಡುತ್ತೇವೆ, ಮೊದಲು ತೆರಿಗೆ ಕಟ್ಟಿ, ನೋಂದಣಿ ಶುಲ್ಕ ಕಳಿಸಿ" ಎಂಬ ಕರೆ ಬಂದರೆ ಫೋನ್ ಇಟ್ಟುಬಿಡಿ. ರಿಸರ್ವ್ ಬ್ಯಾಂಕಿನ ಹೆಸರು ಹೇಳಿಕೊಂಡೇ ಕೆಲವರು ಹೀಗೆ ಮಾಡುತ್ತಾರೆ. ತಾನು ಇಂಥ ವ್ಯವಹಾರ ಮಾಡುವುದಿಲ್ಲ, ಯಾವ ಶುಲ್ಕವನ್ನೂ ಕೇಳುವುದಿಲ್ಲ ಎಂದು ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಪ್ರಕಟಣೆಯನ್ನೇ ಹೊರಡಿಸಿತು. ನಾಣ್ಯ ಮಾರುವವನು ಮುಂಗಡ ಕಟ್ಟಬೇಕಾದ ಪ್ರಸಂಗ ಬರುವುದೇ ಇಲ್ಲ.

ಪುಸ್ತಕ ಇಡಿ, ಮುಂದೆ ಹೋಗಿ

ಒಂದು ನೋಟ್‌ಬುಕ್ ಸಾಕು. ನಾಣ್ಯಕ್ಕೊಂದು ಸಾಲು: ಬೆಲೆ, ಇಸವಿ, ಟಂಕಸಾಲೆ, ಲೋಹ, ತೂಕ, ಎಲ್ಲಿ ಸಿಕ್ಕಿತು, ಎಷ್ಟು ಕೊಟ್ಟಿರಿ. ನ್ಯೂಮಿಸ್ಟಾದಂಥ ಜಾಲತಾಣದಲ್ಲಿ ಪ್ರತಿ ಬಗೆಗೂ ಒಂದು ಕೆಎಂ ಸಂಖ್ಯೆ (ನಾಣ್ಯ ಪಟ್ಟಿಯ ಕ್ರಮಸಂಖ್ಯೆ) ಸಿಗುತ್ತದೆ, ಅದನ್ನೂ ಬರೆದುಕೊಳ್ಳಿ. ಬೇರೆ ಸಂಗ್ರಾಹಕರ ಜೊತೆ ಮಾತಾಡುವಾಗ ಅನುಕೂಲ. ಫೋಟೋ ತೆಗೆಯುವಾಗ ಫ್ಲ್ಯಾಶ್ ಬೇಡ, ಬೆಳಗಿನ ಹೊತ್ತು ಕಿಟಕಿಯ ಪಕ್ಕ ಓರೆ ಬೆಳಕಿನಲ್ಲಿ ತೆಗೆಯಿರಿ.

ಆರನೇ ಜಾರ್ಜ್ ಮುಗಿದ ಮೇಲೆ ಐದನೇ ಜಾರ್ಜ್‌ಗೆ ಹೋಗಿ. ಮೊದಲ ಮಹಾಯುದ್ಧದಲ್ಲೂ ಬೆಳ್ಳಿಗೆ ಬರ ಬಂದು ಎರಡಾಣೆ, ನಾಲ್ಕಾಣೆ, ಎಂಟಾಣೆಗಳನ್ನು ತಾಮ್ರ-ನಿಕ್ಕಲ್‌ನಲ್ಲಿ ಹೊಡೆದಿದ್ದರು. ಎಂಟಾಣೆಗೆ ನಕಲಿಗಳ ಕಾಟ ಹೆಚ್ಚಾಗಿ ಬೇಗ ನಿಲ್ಲಿಸಿದರು. ಅದನ್ನು ಹುಡುಕುವುದೇ ಒಂದು ಖುಷಿ.

ಇಲ್ಲವೇ ಸೀದಾ ನಮ್ಮ ನಾಡಿನ ಕಡೆ ತಿರುಗಿ. ಬೀದರ್, ಕಲಬುರಗಿ, ರಾಯಚೂರಿನ ಕಡೆಯವರಿಗೆ ನಿಜಾಮರ ಚಾರ್‌ಮಿನಾರ್ ನಾಣ್ಯಗಳು ಮನೆಯಲ್ಲೇ ಸಿಗಬಹುದು. ಹೈದರಾಬಾದ್ ಸಂಸ್ಥಾನ ಕೊನೆಯವರೆಗೂ ತನ್ನದೇ ರೂಪಾಯಿ, ಆಣೆ ನಡೆಸಿತು. ಹಳೆ ಮೈಸೂರಿನವರು ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸುಗಳನ್ನು ಹುಡುಕಿ. ಅದರ ಮೇಲೆ ಸಿಂಹವಿದೆ, 'ಮಯಿಲಿ ಕಾಸು' ಎಂದು ಕನ್ನಡದಲ್ಲಿ ಬರೆದಿದೆ. ದಪ್ಪ ದಪ್ಪ, ಅಂಚು ಸೊಟ್ಟ. ಐದು, ಹತ್ತು, ಇಪ್ಪತ್ತು ಎಂದು ಬೆಲೆ ಬೇರೆ ಬೇರೆ ಇರುವುದರಿಂದ ಕೊಳ್ಳುವ ಮುಂಚೆ ಅಕ್ಷರ ಪೂರ್ತಿ ಬಿದ್ದಿದೆಯೇ ನೋಡಿ. ಅರ್ಧ ಬಿದ್ದದ್ದು ಬೇಕಾದಷ್ಟು ಸಿಗುತ್ತದೆ, ಪೂರ್ತಿ ಓದಲು ಬರುವಂಥದ್ದಕ್ಕೆ ಕಾಯಬೇಕು.